ಚಪ್ಪಾಳೆ ಬರೀ ನ್ಯೂರಾನ್‌ಗೇ ಯಾಕೆ?

ನಮ್ಮ ಕ್ಯಾಂಪಸ್ಸಿನಲ್ಲಿ ಯಾರನ್ನೇ ಕೇಳಿ, ಫೈನಲ್ ಇಯರ್ ಪ್ರಾಜೆಕ್ಟ್ ಏನಪ್ಪಾ ಅಂದ್ರೆ ನ್ಯೂರಲ್ ನೆಟ್‌ವರ್ಕ್ ಅಂತಾರೆ. ಪಿಪಿಟಿಯ ಎರಡನೇ ಸ್ಲೈಡಿನಲ್ಲಿ ಮಿದುಳಿನ ಚಿತ್ರ, ಕೆಳಗೆ 'ಇದು ಮಿದುಳಿನಂತೆಯೇ ಕೆಲಸ ಮಾಡುತ್ತದೆ' ಅನ್ನೋ ಸಾಲು. ನಾವೂ ಹಾಗೆ ಬರೆದವರೇ. ಆದರೆ ಆ ಸಾಲು ಅರ್ಧ ಮಾತ್ರ ನಿಜ.

1943ರಲ್ಲಿ ಮೆಕಲ್ಲಕ್ ಮತ್ತು ಪಿಟ್ಸ್ ಕೊಟ್ಟ ಗಣಿತದ ಮಾದರಿಯಲ್ಲಿ ಇದ್ದದ್ದು ನ್ಯೂರಾನ್ ಒಂದೇ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನ್ಯೂರಾನ್‌ಗಳಿವೆ, ಸರಿ. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಬೇರೆ ಜೀವಕೋಶಗಳೂ ಇವೆ. ಅವುಗಳಲ್ಲಿ ಬಹುಪಾಲು ಗ್ಲಿಯಾ ಕೋಶಗಳು. ಗ್ಲಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಅಂಟು. 19ನೇ ಶತಮಾನದಲ್ಲಿ ರುಡಾಲ್ಫ್ ವಿರ್ಚೋ ಇಟ್ಟ ಆ ಹೆಸರು ಅಂಟಿನ ಹಾಗೇ ಅಂಟಿಕೊಂಡಿತು. ನ್ಯೂರಾನ್‌ಗಳನ್ನು ಹಿಡಿದಿಡೋದಷ್ಟೇ ಇವುಗಳ ಕೆಲಸ ಅಂತ ಬಹಳ ಕಾಲ ಅಂದುಕೊಂಡಿದ್ದರು.

ನಿಜಕ್ಕೂ ಏನು ಮಾಡ್ತವೆ? ಒಂದು ನ್ಯೂರಾನ್ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ನಡುವಿನ ಸಂದಿಗೆ ಗ್ಲುಟಮೇಟ್ ಎಂಬ ನರವಾಹಕವನ್ನು ಸುರಿಯುತ್ತದೆ. ಸುದ್ದಿ ಮುಟ್ಟಿತು. ಸುರಿದದ್ದನ್ನು ಬಳಿಯೋರು ಯಾರು? ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶ. ಅದು ಗ್ಲುಟಮೇಟನ್ನು ಹೀರಿಕೊಂಡು, ಗ್ಲುಟಮಿನ್ ಮಾಡಿ, ನ್ಯೂರಾನಿಗೇ ವಾಪಸ್ ಕೊಡುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲೈನನ್ನು ರಿಸೆಟ್ ಮಾಡುವ ಕೆಲಸ. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತಾಗ ಈ ವ್ಯವಸ್ಥೆ ಕುಸಿಯುತ್ತದೆ. ಗ್ಲುಟಮೇಟ್ ತುಂಬಿಕೊಂಡು, ಅತಿಯಾಗಿ ಉದ್ರೇಕಗೊಂಡ ನ್ಯೂರಾನ್‌ಗಳು ಸಾಯುತ್ತವೆ.

ಇನ್ನು ಆಲಿಗೋಡೆಂಡ್ರೋಸೈಟ್. ನರತಂತುವಿಗೆ ಮಯಲಿನ್ ಸುತ್ತಿ ಇನ್ಸುಲೇಷನ್ ಮಾಡೋ ಕೋಶ ಇದು. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಈ ಮಯಲಿನ್ ಮೇಲೆಯೇ ದಾಳಿ ಮಾಡುತ್ತದೆ. ಸಿಗ್ನಲ್ ನಿಧಾನವಾಗುತ್ತದೆ, ಇಲ್ಲವೇ ಅರ್ಧದಲ್ಲೇ ನಿಲ್ಲುತ್ತದೆ. ಕಣ್ಣು ಮಂಜಾಗಬಹುದು, ನಡಿಗೆ ತಪ್ಪಬಹುದು.

'ವಿಮಾನ ಹಾರೋಕೆ ರೆಕ್ಕೆ ಬಡೀಬೇಕಾ?' ಅಂತ ನೀವು ಕೇಳಬಹುದು. ಒಳ್ಳೇ ಪ್ರಶ್ನೆ. ಮಾಡೆಲ್ ಕೆಲಸ ಮಾಡಿದರೆ ಸಾಕು, ಮಿದುಳನ್ನು ನಕಲು ಮಾಡಲೇಬೇಕಿಲ್ಲ. ನಮ್ಮ ತಕರಾರು ಮಾಡೆಲ್ ಮೇಲಲ್ಲ, ಸ್ಲೈಡಿನ ಆ ಸಾಲಿನ ಮೇಲೆ. ನಾಳೆ ನಮ್ಮಲ್ಲೇ ಯಾರಾದರೂ ಮಿದುಳಿನೊಳಗೆ ಇಡುವ ಎಲೆಕ್ಟ್ರೋಡ್ ವಿನ್ಯಾಸ ಮಾಡಬಹುದು. ಅದನ್ನು ಮೊದಲು ಎದುರುಗೊಳ್ಳೋದು ಗ್ಲಿಯಾ ಕೋಶಗಳೇ. ಹೊರಗಿನ ವಸ್ತು ಬಂತು ಅಂತ ಸುತ್ತ ಗಾಯದ ಪದರ ಕಟ್ಟುತ್ತವೆ, ದಿನ ಕಳೆದಂತೆ ಸಿಗ್ನಲ್ ಕ್ಷೀಣಿಸುತ್ತದೆ. ನ್ಯೂರಾನ್ ಮಾತ್ರ ಓದಿದ ಇಂಜಿನಿಯರ್ ತನ್ನ ಸರ್ಕ್ಯೂಟಿನಲ್ಲೇ ತಪ್ಪು ಹುಡುಕುತ್ತಾ ಕೂರ್ತಾನೆ.

ಹಾಗಾಗಿ ಬಯಾಲಜಿ ಪೇಪರನ್ನು ಸೀನಿಯರ್ ನೋಟ್ಸಿನಲ್ಲಿ ಒಂದೇ ರಾತ್ರಿ ಮುಗಿಸೋದು ಬಿಡೋಣ. ಮುಂದಿನ ರಿವ್ಯೂಗೆ ಮುಂಚೆ ಆ ಸ್ಲೈಡನ್ನೂ ತಿದ್ದೋಣ: 'ಮಿದುಳಿನ ಒಂದು ಭಾಗದಿಂದ ಪ್ರೇರಣೆ ಪಡೆದದ್ದು.' ಅಷ್ಟು ಬರೆದರೆ ಮಾರ್ಕ್ಸೇನೂ ಕಡಿಮೆಯಾಗಲ್ಲ.