ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಪರೀಕ್ಷೆಯೂ ಬೇಕು, ಹೆಚ್ಚಿನ ಕೂಲಿಯೂ ಬೇಕು



ಬಿತ್ತನೆ ಬೀಜದ ಚೀಲಕ್ಕೆ ದೃಢೀಕರಣದ ಚೀಟಿ ಇದೆಯೇ ಎಂದು ನೀವು ನೋಡಿಯೇ ಕೊಳ್ಳುತ್ತೀರಿ. ಆ ಬೀಜ ಬಿತ್ತುವ ಟ್ರ್ಯಾಕ್ಟರನ್ನು ಬಿಚ್ಚಿ ಜೋಡಿಸುವವನು ಎಲ್ಲಿ ಕಲಿತವನು ಎಂದು ಕೇಳುವವರು ವಿರಳ. ಬೇಸಾಯ ಶಾಸ್ತ್ರದವನಿಗೆ ಎಂಜಿನ್ನಿನ ಗೊಡವೆ ಏಕೆ ಎನ್ನಬಹುದು. ಕೆಂಪು ಮರಳುಮಿಶ್ರಿತ ನೆಲದಲ್ಲಿ ಮಳೆ ಬಿದ್ದ ಮೇಲೆ ಬಿತ್ತನೆಗೆ ಹದ ಸಿಗುವುದು ಎರಡು ಮೂರು ದಿನ. ಆಗ ಲಿಫ್ಟ್ ಏಳದೆ ಟ್ರ್ಯಾಕ್ಟರ್ ನಿಂತರೆ ನಾವು ಶಿಫಾರಸು ಮಾಡಿದ ತಳಿ, ಗೊಬ್ಬರಗಳು ಆ ಹದವನ್ನು ಮರಳಿ ತರಲಾರವು. ನೆಲಗಡಲೆಯನ್ನು 30 × 10 ಸೆಂ.ಮೀ. ಅಂತರದಲ್ಲಿ ಬಿತ್ತಿದರೆ ಎಕರೆಗೆ ಸುಮಾರು 1.35 ಲಕ್ಷ ಗಿಡಗಳಿರಬೇಕು. ಐದು ತಾಳಿನ ಕೂರಿಗೆಯಲ್ಲಿ ಒಂದು ತಾಳು ಬೀಜ ಬಿಡದಿದ್ದರೆ ಎಕರೆಗೆ 27 ಸಾವಿರ ಗಿಡ ಕಡಿಮೆಯಾದಂತೆ. ರಿಪೇರಿಯಲ್ಲಿ ಉಳಿಸಿದ ನೂರಿನ್ನೂರು ರೂಪಾಯಿ ಇದರ ಮುಂದೆ ಯಾವ ಲೆಕ್ಕ?

ಯಂತ್ರವೂ ಹಿಂದಿನಂತಿಲ್ಲ. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿದೆ. ಇಂಥ ಹಲವು ಎಂಜಿನ್ನುಗಳಲ್ಲಿ ಕಾಮನ್ ರೈಲ್ ಪದ್ಧತಿಯಿದ್ದು, ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಹರಿಯುತ್ತದೆ. ಹಳೆಯ ಎಂಜಿನ್ನಿನಲ್ಲಿ ಮಾಡುತ್ತಿದ್ದಂತೆ, ಎಂಜಿನ್ ಓಡುತ್ತಿರುವಾಗಲೇ ಇದರ ನಳಿಗೆಯ ನಟ್ಟು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕೀತು. ಇಲ್ಲಿ ಅಂದಾಜಿನ ಕೆಲಸ ಸಲ್ಲದು.

ಐ.ಟಿ.ಐ.ಗಳಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್ ಎಂಬ ಒಂದು ವರ್ಷದ ಶಿಕ್ಷಣವುಂಟು. ಆದರೆ ನಾನು ಕಂಡ ಹೋಬಳಿಗಳಲ್ಲಿ ಅದನ್ನು ಮುಗಿಸಿದವನಿಗೂ ನಿನ್ನೆ ಪಾನಾ ಹಿಡಿದವನಿಗೂ ಒಂದೇ ಕೂಲಿ. ಹೀಗಿರುವಾಗ ಅವನು ಪಟ್ಟಣ ಸೇರಿದರೆ ತಪ್ಪೇನು? ಇನ್ನೊಂದೆಡೆ, ಶಬ್ದ ಕೇಳಿಯೇ ದೋಷ ಹೇಳಬಲ್ಲ, ಹತ್ತನೆಯ ತರಗತಿ ದಾಟದ ಹಳಬರಿದ್ದಾರೆ. ಅವರನ್ನು ಕಾಗದದ ನೆಪದಲ್ಲಿ ಹೊರಗಿಡುವುದು ಮೂರ್ಖತನ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಅವಕಾಶ ಕಲ್ಪಿಸಲಾಯಿತು. ಪರೀಕ್ಷೆ ಬರವಣಿಗೆಯದಾಗಿರಬಾರದು, ಕೆಟ್ಟು ನಿಂತ ಯಂತ್ರವನ್ನು ಮುಂದಿಟ್ಟು ಸರಿಮಾಡಿಸಬೇಕು. ಇಲ್ಲವಾದರೆ ಪ್ರಮಾಣಪತ್ರವೂ ಹಣಕ್ಕೆ ಸಿಗುವ ಸರಕಾದೀತು ಎಂಬ ನಿಮ್ಮ ಸಂಶಯ ನಿಜವಾಗುತ್ತದೆ.

2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳೂ ಸಹಕಾರ ಸಂಘಗಳೂ ಇಂಧನ ಮತ್ತು ಹೈಡ್ರಾಲಿಕ್ ಭಾಗಗಳನ್ನು ಪರೀಕ್ಷೆಯಲ್ಲಿ ತೇರ್ಗಡೆಯಾದವನಿಂದಲೇ ಬಿಚ್ಚಿಸಲಿ; ಅವನಿಗೆ ಸಂಬಳದ ಮೇಲೆ ಕುಶಲತೆಯ ಭತ್ಯೆ ಬೇರೆಯಾಗಿ ಕೊಡಲಿ. ಬಾಡಿಗೆ ತುಸು ಏರೀತು. ಏರಲಿ ಎಂದೇ ನನ್ನ ಅಭಿಪ್ರಾಯ.

ಸ್ವಂತ ಟ್ರ್ಯಾಕ್ಟರ್ ಉಳ್ಳವರಿಗೆ ಹಳೆಯ ಆಯದ ಪದ್ಧತಿ ನೆನಪಿರಬಹುದು. ಕೂರಿಗೆ ಮಾಡುವ ಬಡಗಿಗೆ, ಕುಳ ತಟ್ಟುವ ಕಮ್ಮಾರನಿಗೆ ಸುಗ್ಗಿಯ ಕಣದಲ್ಲಿ ವರ್ಷದ ಕಾಳು ಅಳೆದುಕೊಡುತ್ತಿದ್ದರು. ಬೇಕಾದಾಗ ಅವನು ಊರಿನಲ್ಲಿರಬೇಕು ಎಂಬುದಕ್ಕಾಗಿ ಆ ಕಾಳು. (ಜಾತಿಯ ಕಟ್ಟು ಅದರೊಂದಿಗಿತ್ತು, ಅದು ನಮಗೆ ಬೇಡ.) ಹತ್ತು ಹದಿನೈದು ಮಂದಿ ಕೂಡಿ ಒಬ್ಬ ಒಳ್ಳೆಯ ಮೆಕ್ಯಾನಿಕ್‌ಗೆ ವರ್ಷಕ್ಕಿಷ್ಟು ಎಂದು ಮುಂಗಡ ಗೊತ್ತುಮಾಡಿ. ರೋಹಿಣಿ ಮಳೆಗೆ ಮುನ್ನ ಅವನು ನಿಮ್ಮೆಲ್ಲರ ಯಂತ್ರ ನೋಡಿಕೊಡಲಿ, ಬಿತ್ತನೆ ಕಾಲದಲ್ಲಿ ಕರೆದ ದಿನವೇ ಬರಲಿ. ರಿಪೇರಿಯ ಕೂಲಿ ಇದಕ್ಕೆ ಹೊರತು.

ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಪಾವಗಡ, ಚಳ್ಳಕೆರೆ ಕಡೆಯವರಿಗೆ ದೂರವಲ್ಲ. ನಿಮ್ಮ ಸಂಘದ ಕೆಲಸಗಾರನನ್ನು ಅಲ್ಲಿಗೆ ಕಳಿಸಿದರೆ ತರಬೇತಿಯ ದಿನಗಳ ಕೂಲಿಯನ್ನು ಮಾತ್ರ ಹಿಡಿಯಬೇಡಿ.