ಹರಿದುಹೋಗುವ ನೀರು

ಕಳೆದ ಬೇಸಿಗೆಯಲ್ಲಿ ಗಜೇಂದ್ರಗಡದ ಸಮೀಪದ ಗ್ರಾಮವೊಂದರಲ್ಲಿ ಪರಿಚಿತರ ಮನೆಗೆ ನಾವು ಹೋಗಿದ್ದೆವು. ಎರಡು ವರ್ಷದ ಕೂಸಿಗೆ ಮುಂಜಾನೆಯಿಂದ ಭೇದಿ. ಕಣ್ಣು ಒಳಸೇರಿದ್ದವು, ತುಟಿ ಒಣಗಿತ್ತು. 'ಅಜೀರ್ಣ ಆಗೇತ್ರಿ ಶಾಸ್ತ್ರಿಗಳ, ನೀರು ಕುಡಿಸಿದ್ರ ಮತ್ತ ಹರೀತೈತಿ, ಅದಕ್ಕ ಹೊಟ್ಟಿ ಖಾಲಿ ಬಿಟ್ಟೀವಿ' ಎಂದರು ಅಜ್ಜಿ. ಶಬ್ದವೊಂದು ತಪ್ಪಿದರೆ ಉಪಚಾರವೂ ತಪ್ಪುವುದೆಂಬುದನ್ನು ಅಂದು ಕಣ್ಣಾರೆ ಕಂಡೆವು.

ಉಂಡದ್ದು ಅರಗದಿರುವುದು ಅಜೀರ್ಣ. ಮಿತಿಮೀರಿ ಹರಿಯುವುದು ಅತಿಸಾರ. 'ಸೃ' ಧಾತುವಿಗೆ ಹರಿಯುವುದೆಂದೇ ಅರ್ಥ. ಪ್ರಾಚೀನ ಗ್ರೀಕರೂ ಹಾಗೆಯೇ ಹೆಸರಿಟ್ಟರು. ವೈದ್ಯರು ಇಂದು ಡಯೇರಿಯಾ ಎನ್ನುವ ಮಾತು ಗ್ರೀಕರದು. 'ಡಿಯಾ' ಎಂದರೆ ಮೂಲಕ, 'ರೇಯಿನ್' ಎಂದರೆ ಹರಿ. ಡಿಸೆಂಟರಿಯಲ್ಲಿರುವ 'ಡಿಸ್' ನಮ್ಮ 'ದುಸ್' ಉಪಸರ್ಗದ ಒಡಹುಟ್ಟು. 'ಎಂಟೆರಾನ್' ಎಂದರೆ ಕರುಳು, ಸಂಸ್ಕೃತದ ಅಂತ್ರಕ್ಕೆ ಬಂಧು. ಡಿಸ್ಪೆಪ್ಸಿಯಾದ 'ಪೆಪ್ಸಿಸ್' ಮತ್ತು ನಮ್ಮ ಪಚನ ಒಂದೇ ಬೇರಿನವು. ಎರಡಕ್ಕೂ ಬೇಯಿಸುವುದೆಂಬ ಅರ್ಥವುಂಟು. ಹೊಟ್ಟೆಯನ್ನು ಒಲೆಯೆಂದು ಉಭಯರೂ ಕಂಡರು. ನಮ್ಮ ಮಂದಾಗ್ನಿ ಎಂಬ ಶಬ್ದವೂ ಆ ಒಲೆಯ ಮಾತೇ. ಕನ್ನಡದ 'ಅರಗು' ಮಾತ್ರ ಬೇರೆ ದಾರಿಯದು; ಅದರಲ್ಲಿ ಬೆಂಕಿಯಿಲ್ಲ, ಕರಗುವಿಕೆಯುಂಟು. ನಮಗೆ ಅದೇ ಹೆಚ್ಚು ಸೊಗಸೆನಿಸುತ್ತದೆ.

ಉಪಚಾರದಲ್ಲಿಯೂ ಸಾಮ್ಯವಿದೆ. ಹಿಪೊಕ್ರೆಟಿಸನ ಸಂಪ್ರದಾಯದವರು ತೀವ್ರ ರೋಗಿಗಳಿಗೆ ಜವೆಯನ್ನು ಕುಟ್ಟಿ ಕಾಸಿದ 'ಪ್ಟಿಸಾನೆ' ಎಂಬ ಗಂಜಿಯನ್ನು ಕೊಡುತ್ತಿದ್ದರು. ರೋಣ, ನರಗುಂದದ ಕಡೆ ಜೋಳದ ನುಚ್ಚು ಕಾಸುವ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಂಘನವನ್ನು ನಮ್ಮ ಶಾಸ್ತ್ರ ಹೇಳಿದೆ, ನಿಜ. ಆದರೆ ನೀರಡಿಸಿದ ಅತಿಸಾರ ರೋಗಿಗೆ ಶುಂಠಿ, ಮುಸ್ತೆ ಮೊದಲಾದವನ್ನು ಹಾಕಿ ಕಾಸಿದ ನೀರನ್ನು ಕೊಡಬೇಕೆಂದೂ ಚರಕಸಂಹಿತೆ ಹೇಳುತ್ತದೆ. ನೀರು ನಿಲ್ಲಿಸುವುದು ಶಾಸ್ತ್ರವಲ್ಲ, ರೂಢಿಯ ತಪ್ಪು.

1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಗ್ಲೂಕೋಸು, ಉಪ್ಪುಗಳನ್ನು ಬೆರೆಸಿದ ನೀರು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಸಕ್ಕರೆಯಿದ್ದರೆ ಕರುಳು ಉಪ್ಪನ್ನು ಹೀರುತ್ತದೆ, ಉಪ್ಪಿನ ಬೆನ್ನಿಗೆ ನೀರೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಸಿಗದಿದ್ದಲ್ಲಿ, ಕಾಸಿ ಆರಿಸಿದ 1 ಲೀಟರ್ ನೀರಿಗೆ ಚಹದ ಚಮಚದಿಂದ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಕೂಡದು. ಕೂಸಿಗೆ ಎದೆಹಾಲನ್ನೂ ನಿಲ್ಲಿಸಬಾರದು. ರಕ್ತ ಕಂಡರೆ, ಮಗು ಮಂಕಾದರೆ ದವಾಖಾನೆಗೆ ಒಯ್ಯಲು ಹೊತ್ತು ನೋಡಬಾರದು.

ಆ ಕೂಸನ್ನು ನಾವು ಬಂದ ಗಾಡಿಯಲ್ಲಿಯೇ ದವಾಖಾನೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಚಮಚದಿಂದ ನೀರು ಕುಡಿಸಿದವರು ಆ ಅಜ್ಜಿಯೇ.