ಬಾಗಿಲಿನ ಪ್ಲಾಸ್ಟಿಕ್ ಮಾಲೆಯನ್ನು ಇಳಿಸಿರಿ

ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯ ನೆರೆಯಲ್ಲಿರುವ ನಮ್ಮ ಅಗಡಿಯಲ್ಲೂ ಬಾಗಿಲಿಗೆ ಪ್ಲಾಸ್ಟಿಕ್ ಹೂಮಾಲೆ ತೂಗುವವರಿದ್ದಾರೆ. ‘ಬಾಡುವುದಿಲ್ಲ, ನೀರು ಬೇಡ, ಒಮ್ಮೆ ಕೊಂಡರೆ ಸಾಕು’ ಎಂಬುದು ಅವರ ವಾದ. ನಾನು ಇದನ್ನು ಒಪ್ಪಲಾರೆ. ಬಾಡದಿರುವುದೇ ಅದರ ದೋಷ.

ಹಿತ್ತಿಲಿನ ಹೂವು ಋತುವನ್ನು ಮನೆಯೊಳಗೆ ತರುತ್ತದೆ. ಬೇಸಿಗೆಯ ಸಂಜೆಗೆ ದುಂಡುಮಲ್ಲಿಗೆ, ಮಳೆಗಾಲದ ಕೊನೆಗೆ, ಇರುಳಲ್ಲಿ ಅರಳಿ ನಸುಕಿನಲ್ಲಿ ಉದುರುವ ಪಾರಿಜಾತ, ದಸರಾ, ದೀಪಾವಳಿಗೆ ಚೆಂಡುಹೂವು, ಬಳಿಕ ಸೇವಂತಿಗೆ. ಹಗಲು ಕಿರಿದಾಗಿ ಇರುಳು ಹಿಗ್ಗಿದಂತೆ ಸೇವಂತಿಗೆ ಮೊಗ್ಗು ಕಟ್ಟುವುದನ್ನು ಮಕ್ಕಳು ಗಿಡದ ಮುಂದೆ ನಿಂತು ಕಲಿಯಬಹುದು. ಪ್ಲಾಸ್ಟಿಕ್ ಮಾಲೆಗೆ ಚೈತ್ರವೂ ಒಂದೇ, ಕಾರ್ತಿಕವೂ ಒಂದೇ. ಅದರತ್ತ ಜೇನುಹುಳುವೂ ಸುಳಿಯದು.

‘ಗಿಡಕ್ಕೆ ಜಾಗವೆಲ್ಲಿ?’ ಎಂದು ಕೇಳುವವರು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದವರೇ! ಅಬ್ಬಲಿಗೆಗೆ ಒಂದು ಕುಂಡ ಸಾಲದೇ?

2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ದೇಶದಾದ್ಯಂತ ನಿಷಿದ್ಧ. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹೂವಿಲ್ಲ, ಅದನ್ನೂ ಸೇರಿಸಬೇಕು. ಬಾಡಿದ ಹೂವು ಗಿಡದ ಬುಡಕ್ಕೆ ಗೊಬ್ಬರವಾಗುತ್ತದೆ. ಬಣ್ಣ ಮಾಸಿದ ಪ್ಲಾಸ್ಟಿಕ್ ಮಾಲೆಯನ್ನು ಎಲ್ಲಿ ಎಸೆಯುತ್ತೀರಿ, ನೀವೇ ಹೇಳಿ. ಸರಕಾರದ ಆದೇಶಕ್ಕೆ ಕಾಯದೆ, ಬರುವ ಹಬ್ಬಕ್ಕೆ ಮೊದಲೇ ಅದನ್ನು ಇಳಿಸಿ ಒಂದು ಮಲ್ಲಿಗೆಯ ಬಳ್ಳಿ ನೆಡಿರಿ.